ನಿಯೋಫೋರ್‌ಜೆ: ನಮ್ಮ ಒಕ್ಕದ ವಂಶಾವಳಿಯಲ್ಲಿ ಯಾರಿಗೂ ಅಂಟದೆ ಉಳಿದವರು

ಹೋದ ಕೈಲ್‌ಪೊಳ್ದ್‌ಗೆ (ಕೊಡವರ ಆಯುಧಪೂಜೆ ಹಬ್ಬ) ಐನ್‌ಮನೆಯಲ್ಲಿ, ಅಂದರೆ ಒಕ್ಕದ (ಒಂದೇ ಮೂಲದ ದೊಡ್ಡ ಕುಟುಂಬ) ಮೂಲಮನೆಯಲ್ಲಿ, ಎಲ್ಲರೂ ಸೇರಿದ್ದಾಗ ವಂಶಾವಳಿ ಜೋಡಿಸುವ ಕೆಲಸ ನನ್ನ ತಲೆಗೆ ಬಿತ್ತು. ಪಟ್ಟೆದಾರರ (ಒಕ್ಕದ ಹಿರಿಯ ಯಜಮಾನರು) ಹತ್ತಿರ ಒಂದು ಹಳೇ ನೋಟ್‌ಬುಕ್, ಚಿಕ್ಕಪ್ಪನ ಹತ್ತಿರ ಒಂದು ಎಕ್ಸೆಲ್ ಶೀಟ್, ಎರಡಕ್ಕೂ ತಾಳೆ ಇಲ್ಲ. ನಮ್ಮಲ್ಲಿ ಹುಟ್ಟಿ ಬೇರೆ ಒಕ್ಕಕ್ಕೆ ಮದುವೆಯಾಗಿ ಹೋದವಳನ್ನು ಎಕ್ಸೆಲ್‌ನ ಯಾವ ಸಾಲಿಗೆ ಹಾಕೋದು, ಹೇಳಿ? ಅದಕ್ಕೇ ನಿಯೋಫೋರ್‌ಜೆ (Neo4j) ಅನ್ನುವ ಗ್ರಾಫ್ ಡೇಟಾಬೇಸಿನ ಕಮ್ಯುನಿಟಿ ಎಡಿಷನ್ ಹಾಕಿಕೊಂಡೆ. ಇದರಲ್ಲಿ ಒಬ್ಬೊಬ್ಬರೂ ಒಂದೊಂದು ಚುಕ್ಕಿ (ನೋಡ್), ಸಂಬಂಧ ಅಂದರೆ ಚುಕ್ಕಿಗಳ ನಡುವಿನ ಗೆರೆ. ಕಾಸು ಕೊಡಬೇಕಿಲ್ಲ, ಲ್ಯಾಪ್‌ಟಾಪಿನಲ್ಲೇ ಓಡುತ್ತದೆ, ನಮ್ಮ ಕಡೆ ಜುಲೈ ಮಳೆಗೆ ಕರೆಂಟು, ನೆಟ್ಟು ಎರಡೂ ಹೋದರೂ ಬ್ಯಾಟರಿ ಇರುವಷ್ಟು ಹೊತ್ತು ಕೆಲಸ ನಿಲ್ಲುವುದಿಲ್ಲ. ಜಾವಾ ಬೇಕು, ಶುರುವಾಗೋಕೆ ಸ್ವಲ್ಪ ಟೈಮ್ ತಗೊಳ್ಳುತ್ತದೆ, ಅಷ್ಟೆ.

ಸುಮಾರು 430 ಜನರನ್ನು ಸಿಎಸ್‌ವಿ ಫೈಲಿನಿಂದ (ಎಕ್ಸೆಲ್ ಶೀಟನ್ನು ಬರೀ ಅಕ್ಷರಗಳಾಗಿ ಉಳಿಸಿದ್ದು) ಏರಿಸಿದೆ. ಎಲ್ಲಾ ತೋರಿಸು ಅಂದರೆ ತೆರೆ ಮೇಲೆ 300 ಮಾತ್ರ. ಉಳಿದವರು ಎಲ್ಲಿ ಹೋದರು ಅಂತ ಒಂದು ಸಂಜೆ ಹಾಳು ಮಾಡಿಕೊಂಡೆ. ನಿಯೋಫೋರ್‌ಜೆಯ ಬ್ರೌಸರ್ ಮೊದಲಿಗೆ ತೋರಿಸುವುದೇ 300 ನೋಡ್, ಸೆಟ್ಟಿಂಗ್‌ನಲ್ಲಿ ಏರಿಸಿಕೊಳ್ಳಬೇಕು.

ಇನ್ನು ಅಸಲು ವಿಷಯ. ಯಾರಿಗೂ ಸಂಬಂಧ ಇಲ್ಲದೆ ಒಂಟಿಯಾಗಿ ಬಿದ್ದಿರುವವರನ್ನು ಹುಡುಕಲು ಸೈಫರ್‌ನಲ್ಲಿ (ನಿಯೋಫೋರ್‌ಜೆಗೆ ಪ್ರಶ್ನೆ ಕೇಳುವ ಭಾಷೆ) ಒಂದೇ ಸಾಲು ಸಾಕು: ಮ್ಯಾಚ್ (ಎನ್) ವೇರ್ ನಾಟ್ (ಎನ್)--() ರಿಟರ್ನ್ ಎನ್. ಎರಡು ಗೀಟು ಅಂದರೆ ಗೆರೆ, ಖಾಲಿ ಬ್ರಾಕೆಟ್ ಅಂದರೆ ಯಾರಾದರೂ ಸರಿ. ನಾನು ಮೊದಲ ಸಲ ಗೀಟಿನ ತುದಿಗೆ ಬಾಣದ ಗುರುತು ಹಾಕಿಬಿಟ್ಟೆ. ನನ್ನ ಡೇಟಾದಲ್ಲಿ ಬಾಣ ಅಪ್ಪನಿಂದ ಮಗುವಿಗೆ ಹೋಗುತ್ತದೆ, ಹಾಗಾಗಿ ಇನ್ನೂ ಮಕ್ಕಳಿಲ್ಲದವರೆಲ್ಲ, ಅಂದರೆ ಒಕ್ಕದ ಅಷ್ಟೂ ಸ್ಕೂಲು ಮಕ್ಕಳು, ಅನಾಥರ ಪಟ್ಟಿಯಲ್ಲಿ ಬಂದು ಕೂತರು! ಬಾಣ ತೆಗೆದ ಮೇಲೆ ಉಳಿದವರು 37.

ಅದರಲ್ಲಿ ಹೆಚ್ಚಿನವರು ನಿಜವಾಗಿ ಒಂಟಿ ಅಲ್ಲ. ಸಂಬಂಧದ ಶೀಟಿನಲ್ಲಿ ಹೆಸರಿನ ಕೊನೆಗೆ ಒಂದು ಸ್ಪೇಸ್ ಜಾಸ್ತಿ, ಅಥವಾ ಒಂದು ಕಡೆ ‘ಪೊನ್ನಪ್ಪ’, ಇನ್ನೊಂದು ಕಡೆ ‘ಪೊನ್ನಪ’. ಗೆರೆ ಎಳೆಯುವಾಗ ಮ್ಯಾಚ್‌ಗೆ ಹೆಸರು ಸಿಗದಿದ್ದರೆ ಅದು ಎರರ್ ಕೊಡುವುದಿಲ್ಲ, ಸುಮ್ನೆ ಏನೂ ಮಾಡದೆ ಮುಂದಿನ ಸಾಲಿಗೆ ಹೋಗುತ್ತದೆ. ನನಗೆ ತುಂಬಾ ಕಿರಿಕಿರಿ ಅನಿಸಿದ್ದು ಇದೇ. ಹಾಗಂತ ಹೆಸರಿನ ಮೇಲೆ ಮರ್ಜ್ (ಇದ್ದರೆ ಅದನ್ನೇ ಬಳಸು, ಇಲ್ಲದಿದ್ದರೆ ಹೊಸದು ಮಾಡು ಅನ್ನುವ ಆಜ್ಞೆ) ಮಾಡಲು ಹೋಗಬೇಡಿ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ಮನೆಗಳಲ್ಲಿ ಇಬ್ಬರೂ ಒಂದೇ ನೋಡ್ ಆಗಿಬಿಡುತ್ತಾರೆ. ಪ್ರತಿಯೊಬ್ಬರಿಗೂ ಒಂದೊಂದು ನಂಬರ್ ಕೊಟ್ಟೆ, ಆಮೇಲೆ ತಲೆನೋವು ಇಳಿಯಿತು.

ಆದರೆ ಆ ಒಂದು ಸಾಲು ಎಲ್ಲವನ್ನೂ ಹಿಡಿಯುವುದಿಲ್ಲ. ಗಂಡ ಹೆಂಡತಿ ಇಬ್ಬರಿಗೂ ನಡುವೆ ಗೆರೆ ಇದೆ, ಆದರೆ ಇಬ್ಬರೂ ಒಕ್ಕದ ಮೂಲಕ್ಕೆ ಸೇರಿಲ್ಲ ಅಂದುಕೊಳ್ಳಿ, ಅವರು ಒಂಟಿಗಳ ಪಟ್ಟಿಗೆ ಬರುವುದೇ ಇಲ್ಲ. ಇಂಥ ದ್ವೀಪಗಳನ್ನು ಹುಡುಕಲು ಗ್ರಾಫ್ ಡೇಟಾ ಸೈನ್ಸ್ ಪ್ಲಗಿನ್ ಹಾಕಿ, ಗ್ರಾಫನ್ನು ಮೆಮೊರಿಗೆ ತಂದು, ಡಬ್ಲ್ಯೂಸಿಸಿ ಅನ್ನುವ ಲೆಕ್ಕ ಓಡಿಸಬೇಕು. ಅದು ಬಾಣದ ದಿಕ್ಕು ನೋಡದೆ, ಒಬ್ಬರಿಂದೊಬ್ಬರಿಗೆ ದಾರಿ ಇರುವವರಿಗೆಲ್ಲ ಒಂದೇ ಗುಂಪಿನ ನಂಬರ್ ಕೊಡುತ್ತದೆ. ಒಬ್ಬೊಬ್ಬರೇ ಇರುವ ಗುಂಪುಗಳನ್ನು ಬಿಟ್ಟರೆ ನನಗೆ ಒಂದು ದೊಡ್ಡ ಗುಂಪು, ಆರು ಪುಟ್ಟ ದ್ವೀಪ ಸಿಕ್ಕವು. ಪ್ಲಗಿನ್ ವರ್ಷನ್ ಡೇಟಾಬೇಸಿನ ವರ್ಷನ್ನಿಗೆ ಹೊಂದಬೇಕು, ಇಲ್ಲದಿದ್ದರೆ ಕೆಲಸ ಮಾಡಲ್ಲ.

ಹೆಸರಿನ ಜಾಗ ಖಾಲಿ ಬಿಡಬಾರದು ಅಂತ ನಿಯಮ ಹಾಕಲು ಎಂಟರ್‌ಪ್ರೈಸ್ ಎಡಿಷನ್ ಬೇಕು, ಉಚಿತದ್ದರಲ್ಲಿ ಇಲ್ಲ. ನಮ್ಮಂಥವರಿಗೆ ಅದು ದುಡ್ಡಿನ ಮಾತು. ಒಂದೇ ನಂಬರ್ ಎರಡು ಸಲ ಬರಬಾರದು ಅನ್ನುವ ನಿಯಮ ಉಚಿತದ್ದರಲ್ಲೂ ಇದೆ, ನನಗೆ ಮುಖ್ಯವಾಗಿ ಬೇಕಿದ್ದೂ ಅದೇ.

ಅಳಿಸುವಾಗ ಬರೀ ಡಿಲೀಟ್ ಬಳಸಿ. ಎಲ್ಲೋ ಒಂದು ಗೆರೆ ಉಳಿದಿದ್ದರೆ ಅದು ಆಗಲ್ಲ ಅನ್ನುತ್ತದೆ. ಡಿಟ್ಯಾಚ್ ಡಿಲೀಟ್ ಏನೂ ಕೇಳದೆ ಗೆರೆ ಸಮೇತ ಕಿತ್ತುಹಾಕುತ್ತದೆ. ಆಮೇಲೆ ಬ್ಯಾಕಪ್ ಇಲ್ಲದಿದ್ದರೆ ಮುಗೀತು, ಅಲ್ವಾ.

ಐದಕ್ಕೆ ನಾಲ್ಕು ಕೊಡುತ್ತೇನೆ. ಎಲ್ಲ ತಿದ್ದಿದ ಮೇಲೆ 12 ಜನ ಇನ್ನೂ ಒಂಟಿಯಾಗೇ ಇದ್ದಾರೆ. ಒಬ್ಬರ ಹೆಸರಿನ ಪಕ್ಕ ನೋಟ್‌ಬುಕ್ಕಿನಲ್ಲಿ ‘ಬಾಳೆಲೆ’ ಅಂತ ಊರಿನ ಹೆಸರು ಬಿಟ್ಟರೆ ಬೇರೇನೂ ಇಲ್ಲ. ಅವರಿಗೆಲ್ಲ ‘ಕೇಳಬೇಕು’ ಅಂತ ಲೇಬಲ್ ಹಾಕಿಟ್ಟಿದ್ದೇನೆ. ಪುತ್ತರಿಗೆ (ನಮ್ಮ ಸುಗ್ಗಿ ಹಬ್ಬ) ಎಲ್ಲರೂ ಬಂದಾಗ ಆ ಪಟ್ಟಿಯ ಪ್ರಿಂಟ್ ತಗೊಂಡು ಹೋಗಿ ಅಜ್ಜಿಯಂದಿರ ಮುಂದೆ ಕೂರಬೇಕು.