ಪೈಥಾನ್ ಕಲಿಯಲು ಐಡಲ್ ಸಾಕಾ, ಜುಪಿಟರ್ ಬೇಕಾ?

ವಿಂಡೋಸ್‌ನಲ್ಲಿ ಪೈಥಾನ್ ಇನ್‌ಸ್ಟಾಲ್ ಮಾಡಿದರೆ ಐಡಲ್ (ಕೋಡ್ ಬರೆದು ರನ್ ಮಾಡುವ ಸರಳ ಆ್ಯಪ್) ಜೊತೆಗೇ ಬರುತ್ತದೆ. ಅದೇ ಕೆಲಸಕ್ಕಿರುವ ಜುಪಿಟರ್ ನೋಟ್‌ಬುಕ್ಕನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಅದು ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತದೆ.

ನೋಡೋಕೆ ಜುಪಿಟರೇ ಚೆಂದ. ಕೋಡನ್ನು ಸೆಲ್‌ಗಳಾಗಿ ಒಡೆದು ಒಂದೊಂದನ್ನೇ ರನ್ ಮಾಡಬಹುದು. ಉತ್ತರ, ಗ್ರಾಫ್ ಎಲ್ಲ ಅಲ್ಲೇ ಕೆಳಗೆ ಬರುತ್ತವೆ. ಆದರೆ ಹೊಸಬರು ಇಲ್ಲಿ ಯಾಮಾರುವುದು ಜಾಸ್ತಿ. ಒಂದು ಸೆಲ್‌ನಲ್ಲಿ 'ಅಂಕ = 50' ಅಂತ ಬರೆದು ರನ್ ಮಾಡಿ. (ಹೌದು, ಪೈಥಾನ್ 3ರಲ್ಲಿ ವೇರಿಯಬಲ್‌ಗೆ ಕನ್ನಡದ ಹೆಸರೂ ನಡೆಯುತ್ತದೆ.) ಆಮೇಲೆ ಆ ಸೆಲ್ಲನ್ನೇ ಅಳಿಸಿ. ಮುಂದಿನ ಸೆಲ್‌ನಲ್ಲಿ 'ಅಂಕ' ಪ್ರಿಂಟ್ ಮಾಡಿದರೆ 50 ಬಂದೇ ಬರುತ್ತದೆ! ಕೋಡ್ ಹೋದರೂ ಬೆಲೆ ಕರ್ನಲ್‌ನ (ಹಿಂದೆ ಕೂತು ಕೋಡ್ ಓಡಿಸುವ ಪ್ರೋಗ್ರಾಂ) ನೆನಪಿನಲ್ಲಿ ಉಳಿದಿರುತ್ತದೆ. ಮರುದಿನ ಕರ್ನಲ್ ಹೊಸದಾಗಿ ಶುರುವಾದಾಗ ನೇಮ್‌ಎರರ್, ಅಂದರೆ ಆ ಹೆಸರೇ ಗೊತ್ತಿಲ್ಲ ಅನ್ನುವ ದೋಷ. ನಿನ್ನೆ ಸರಿಯಿತ್ತಲ್ವಾ ಅಂತ ತಲೆ ಕೆರೆದುಕೊಳ್ಳಬೇಕು.

ಐಡಲ್‌ನಲ್ಲಿ ಈ ಕಾಟವಿಲ್ಲ. ಫೈಲ್ ತೆರೆದು ಎಫ್5 ಒತ್ತಿದರೆ ಶೆಲ್ (ಉತ್ತರ ತೋರಿಸುವ ಕಿಟಕಿ) ರೀಸ್ಟಾರ್ಟ್ ಆಗಿ, ಕೋಡ್ ಮೇಲಿಂದ ಕೆಳಗೆ ಪೂರ್ತಿ ರನ್ ಆಗುತ್ತದೆ. ಅಳಿಸಿದ ಸಾಲಿನ ತಪ್ಪು ಕೂಡಲೇ ಗೊತ್ತಾಗುತ್ತದೆ. ಅಂದಚೆಂದ ಕಮ್ಮಿ, ಇರಲಿ.

ಲೂಪ್, ಫಂಕ್ಷನ್ ಕೈಗೆ ಹತ್ತುವ ತನಕ ನನ್ನ ಓಟು ಐಡಲ್‌ಗೇ. ಪಾಂಡಾಸ್ (ಡೇಟಾ ಕೆಲಸದ ಲೈಬ್ರರಿ), ಗ್ರಾಫ್ ಅಂತ ಡೇಟಾ ಕಡೆ ಹೊರಟಾಗ ಜುಪಿಟರ್ ಹಾಕಿಕೊಳ್ಳಿ. ಹಳೇ ಬೆಲೆ ಉಳಿದು ಯಾಮಾರಿಸದಂತೆ ಆಗಾಗ ಅದರಲ್ಲಿ 'ರೀಸ್ಟಾರ್ಟ್ ಆ್ಯಂಡ್ ರನ್ ಆಲ್' ಒತ್ತುತ್ತಿರಿ.