ವಿಜ್ಞಾನ ಶಿಕ್ಷಣದ ಪ್ರೊಫೆಸರ್: ಲ್ಯಾಬಿನಿಂದ ಬಂದವರೋ, ತರಗತಿಯಿಂದ ಬಂದವರೋ?

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಂಥ ಕಡೆ ವಿಜ್ಞಾನ ಶಿಕ್ಷಣಕ್ಕೆ ಅನುಭವಿ ಪ್ರೊಫೆಸರ್ ಬೇಕು ಅಂದುಕೊಳ್ಳಿ. ಕೊನೆಗೆ ಇಬ್ಬರು ಉಳಿದಿದ್ದಾರೆ. ಒಬ್ಬರು ಭೌತಶಾಸ್ತ್ರದವರು, ಇನ್ನೊಬ್ಬರು ವರ್ಷಗಟ್ಟಲೆ ಬಿ.ಎಡ್. ಮಕ್ಕಳಿಗೆ ವಿಜ್ಞಾನ ಬೋಧನೆ ಕಲಿಸಿದವರು.

ಯುಜಿಸಿಯ 2018ರ ನಿಯಮ ಸಾಮಾನ್ಯವಾಗಿ ಕೇಳುವುದು ಪಿಎಚ್.ಡಿ., ಕನಿಷ್ಠ 10 ಪ್ರಕಟಣೆ, 10 ವರ್ಷದ ಅನುಭವ, 120 ಸಂಶೋಧನಾ ಅಂಕ. ಇಬ್ಬರದ್ದೂ ಇದೆ. ಹಾಗಾಗಿ ಫೈಲಿನಲ್ಲೇ ಮುಳುಗಬೇಡಿ.

ಇಬ್ಬರಿಗೂ ಒಂದೇ ಪಾಠ ಕೊಡಿ: ಮಳೆಗಾಲದಲ್ಲಿ ಅಡಿಕೆ ಯಾಕೆ ಬೇಗ ಒಣಗುವುದಿಲ್ಲ? ಮೊದಲಿನವರು ಬೋರ್ಡಿನ ತುಂಬ ತೇವಾಂಶ, ಆವಿಯ ಒತ್ತಡ ಬರೆಯಬಹುದು. ಎಲ್ಲವೂ ಸರಿ. ಎರಡನೆಯವರು ಮೊದಲು ಮಕ್ಕಳನ್ನೇ ಕೇಳಬಹುದು. ‘ಬಿಸಿಲಿಲ್ಲ ಸರ್’ ಅಂತಾರೆ ಮಕ್ಕಳು. ‘ಹಾಗಾದ್ರೆ ಫ್ಯಾನ್ ಕೆಳಗೆ ಹಾಕಿದ ಒದ್ದೆ ಬಟ್ಟೆ ಬಿಸಿಲಿಲ್ಲದೆ ಒಣಗುತ್ತಲ್ವಾ?’ ಕ್ಲಾಸು ಒಂದು ಕ್ಷಣ ಸುಮ್ಮನಾಗುತ್ತದೆ. ಯೋಚನೆ ಶುರುವಾಗುವುದೇ ಅಲ್ಲಿ. ನನಗೆ ಬೇಕಾದವರು ಇವರು.

ಆದರೆ ಒಂದು ಎಚ್ಚರ. ಅದೇ ಪ್ರಶ್ನೆಯನ್ನು ಇನ್ನೆರಡು ಮೆಟ್ಟಿಲು ಆಳಕ್ಕೆ ಒಯ್ಯಿರಿ. ವಿಷಯದಲ್ಲೇ ತಡವರಿಸಿದರೆ ಬರೀ ಬೋಧನಾ ಕೌಶಲ ಸಾಲದು. ವಿಭಾಗದಲ್ಲಿ ಬೋಧನಾ ಪರಿಣತರು ಆಗಲೇ ಜಾಸ್ತಿ ಇದ್ದರೆ ಭೌತಶಾಸ್ತ್ರದವರೇ ಮೇಲು.

ಇಬ್ಬರ ವಿದ್ಯಾರ್ಥಿಗಳದ್ದೂ ಒಂದೊಂದು ಪ್ರಬಂಧ ತರಿಸಿ ಓದಿ. ತೀರ್ಥಹಳ್ಳಿ, ಹೊಸನಗರದ ಕನ್ನಡ ಶಾಲೆಗಳಿಗೆ ಹೋಗಿ ಕೂರುತ್ತೀರಾ ಅಂತಲೂ ಕೇಳಿ.