ಟರ್ಕಿ ಬೇಟೆಯ ತೋಟಾ: ಏಳು ಸೀಸನ್ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಟಂಗ್‌ಸ್ಟನ್ ಚರೆಯ (ತೋಟಾದೊಳಗೆ ತುಂಬುವ ಸಣ್ಣ ಗುಂಡು) ದುಬಾರಿ ತೋಟಾಕ್ಕೆ ದುಡ್ಡು ಹಾಕುವುದಿದ್ದರೆ ಹಗುರ ಕೋವಿ ಹಿಡಿಯುವ ಸುಖಕ್ಕೆ ಹಾಕಿ, ದೂರದ ಹಕ್ಕಿ ಹೊಡೆಯುವ ಆಸೆಗೆ ಹಾಕಬೇಡಿ. ಇಷ್ಟು ತಿಳಿಯಲು ನನಗೆ ಅಮೆರಿಕದ ವರ್ಜೀನಿಯಾದಲ್ಲಿ ಏಳು ವಸಂತ ಹಿಡಿಯಿತು. ಅಷ್ಟರಲ್ಲಿ ಭುಜ ಒಮ್ಮೆ ಕಪ್ಪಿಟ್ಟಿತು, ಒಂದು ಟರ್ಕಿ ಕೋಳಿಯ ಹುಂಜ ಗಾಯ ಹೊತ್ತು ತಪ್ಪಿಸಿಕೊಂಡಿತು, ಇನ್ನೊಂದು ಹನ್ನೆರಡು ಗಜದಲ್ಲಿ ನಿಂತು ನನ್ನ ಮುಖ ನೋಡಿಕೊಂಡು ಹೋಯಿತು.

ನನ್ನೂರು ಕೊಪ್ಪದ ಕಡೆ. ಮನೆಯಲ್ಲಿ ಜೋಡುನಳಿಗೆ ತೋಟಾ ಕೋವಿ ಇತ್ತು, ಈಗಲೂ ಇದೆ. ಆದರೆ ನಾನು ಹುಟ್ಟಿದ್ದು 1972ರ ವನ್ಯಜೀವಿ ಕಾಯ್ದೆ ಬಂದು ಎಷ್ಟೋ ವರ್ಷಕ್ಕೆ. ನಾನು ಕಂಡದ್ದು ತೋಟದ ಮಂಗ ಓಡಿಸಲು ಅಪ್ಪಯ್ಯ ಆಕಾಶಕ್ಕೆ ಹಾರಿಸುತ್ತಿದ್ದ ಈಡು, ಮತ್ತೆ ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಹೋಗಿ ಠಾಣೆಗೆ ಒಪ್ಪಿಸಿ ಬರುತ್ತಿದ್ದದ್ದು, ಇಷ್ಟೇ. ಬೇಟೆ ಅಂತ ಕಲಿತದ್ದು ಇಲ್ಲಿಗೆ ಬಂದು, ಗ್ರೀನ್ ಕಾರ್ಡ್ ಸಿಕ್ಕ ಮೇಲೆ. ಶೆನಾಂಡೋವ ಕಣಿವೆಯಲ್ಲಿ ಒಬ್ಬ ರೈತರು ತಮ್ಮ ಹೊಲದಂಚಿನ ಕಾಡಿಗೆ ಬಿಟ್ಟುಕೊಂಡರು. 2018ರ ಏಪ್ರಿಲ್‌ನಲ್ಲಿ ಶುರು ಮಾಡಿದೆ. ಈವರೆಗೆ ಐದು ಹುಂಜ. ದೊಡ್ಡ ಲೆಕ್ಕವೇನಲ್ಲ.

ಹಕ್ಕಿಯ ವಿಷಯ ತಿಳಿಯದೆ ತೋಟಾದ ವಿಷಯ ತಲೆಗೆ ಹೋಗುವುದಿಲ್ಲ. ಕಾಡು ಟರ್ಕಿಯ ಬಲಿತ ಹುಂಜ ಎಂಟೊಂಬತ್ತು ಕೆಜಿ ತೂಗುತ್ತದೆ. ಆದರೆ ಆ ಮೈಗೆ ಗುರಿ ಇಡುವಂತಿಲ್ಲ. ಗರಿಯ ಪದರ, ರೆಕ್ಕೆ ಮೂಳೆ, ಎದೆಯ ದಪ್ಪ ಮಾಂಸ ಎಲ್ಲ ಸೇರಿ ಚರೆಯನ್ನು ನುಂಗಿಬಿಡುತ್ತವೆ, ಹಕ್ಕಿ ಗಾಯ ಹೊತ್ತು ಓಡುತ್ತದೆ. ಹೊಡೆಯಬೇಕಾದ್ದು ತಲೆ ಮತ್ತು ಕತ್ತು. ಮಿದುಳು ನೆಲ್ಲಿಕಾಯಿಗಿಂತ ಚಿಕ್ಕದು, ಕತ್ತಿನ ಮೂಳೆ ಹೆಬ್ಬೆರಳಿಗಿಂತ ಸಪೂರ. ಅಷ್ಟು ಸಣ್ಣ ಜಾಗಕ್ಕೆ ನಾಲ್ಕಾರು ಚರೆ ಖಂಡಿತ ಬೀಳಬೇಕು, ಬಿದ್ದದ್ದು ಮೂಳೆ ಒಡೆಯಬೇಕು. ಚರೆ ಸಣ್ಣದಾದರೆ ಹೆಚ್ಚು ಹಿಡಿಯುತ್ತದೆ ಆದರೆ ಬಲ ಕಡಿಮೆ, ದಪ್ಪವಾದರೆ ಬಲ ಉಂಟು ಆದರೆ ಎಣಿಕೆ ಕಡಿಮೆ. ತೋಟಾ ಕಂಪನಿಗಳ ಜಗಳವೆಲ್ಲ ಈ ಎರಡರ ನಡುವಿನದು.

ನಂಬರ್ ಏರಿದಷ್ಟೂ ಚರೆ ಸಣ್ಣದು. 17ರಿಂದ ನಂಬರ್ ಕಳೆದರೆ ಇಂಚಿನ ನೂರನೇ ಭಾಗದಲ್ಲಿ ಅದರ ಅಡ್ಡಗಲ ಸಿಗುತ್ತದೆ. 4ನೇ ನಂಬರ್ ಅಂದರೆ 0.13 ಇಂಚು, ಸಣ್ಣ ಕೊತ್ತಂಬರಿ ಬೀಜ. 9ನೇ ನಂಬರ್ ಅಂದರೆ 0.08 ಇಂಚು, ಸಾಸಿವೆ. ಸೀಸದಲ್ಲಾದರೆ ಒಂದು ಔನ್ಸಿಗೆ 4ನೇ ನಂಬರ್ ಸುಮಾರು 135 ಕಾಳು, 5ನೇದು 170, 6ನೇದು 225. ಟರ್ಕಿಗೆ ಸೀಸದಲ್ಲಿ ಈ ಮೂರೇ ನಂಬರು ಬಹಳ ಕಾಲದಿಂದ ನಡೆದು ಬಂದಿವೆ.

ಮೊದಲ ವರ್ಷ ಎಲ್ಲ ಹೊಸಬರಂತೆ ನಾನೂ ದೊಡ್ಡದನ್ನೇ ಕೊಂಡೆ. 12 ಬೋರ್ (ಬೋರ್ ಅಂದರೆ ನಳಿಗೆಯ ಅಗಲದ ಲೆಕ್ಕ, ನಂಬರ್ ಏರಿದಷ್ಟೂ ಕಿರಿದು), ಮೂರೂವರೆ ಇಂಚಿನ ತೋಟಾ, ಒಳಗೆ ಎರಡು ಔನ್ಸ್ 5ನೇ ನಂಬರ್ ಸೀಸ. ಕಂಪನಿಯ ಹೆಸರು ಬೇಡ, ತಪ್ಪು ನನ್ನ ಕೋವಿ ಚೋಕಿನದೂ ಇರಬಹುದು (ಚೋಕ್ ಅಂದರೆ ಚರೆ ಹೆಚ್ಚು ಹರಡದಂತೆ ನಳಿಗೆಯ ತುದಿಯನ್ನು ಬಿಗಿ ಮಾಡುವ ಕೊಳವೆ). ರಟ್ಟಿಗೆ ಮೂರು ಈಡು ಹೊಡೆಯುವಷ್ಟರಲ್ಲಿ ಭುಜದ ಮೇಲೆ ಅಂಗೈ ಅಗಲ ನೀಲಿಗಟ್ಟಿತು. ನಾಲ್ಕನೆಯದಕ್ಕೆ ಕೋವಿ ಒದೆಯುವ ಮೊದಲೇ ನಾನು ಕಣ್ಣು ಮುಚ್ಚುತ್ತಿದ್ದೆ. ರಟ್ಟು ನೋಡಿದರೆ ಉದ್ದಿನವಡೆ: ಸುತ್ತ ತೂತೇ ತೂತು, ಹಕ್ಕಿಯ ತಲೆ ಇರಬೇಕಾದ ನಡುವೆ ಖಾಲಿ. ಆ ಸೀಸನ್ ಒಂದೂ ಹುಂಜ ಸಿಗಲಿಲ್ಲ. ಸಿಗದಿದ್ದದ್ದೇ ಒಳ್ಳೆಯದಾಯಿತು.

2019, 2020 ಎರಡೂ ವರ್ಷ ವಿಂಚೆಸ್ಟರ್‌ನ ಲಾಂಗ್ ಬಿಯರ್ಡ್ ಎಕ್ಸ್‌ಆರ್, 12 ಬೋರ್, ಮೂರು ಇಂಚು, ಮತ್ತೆ 5ನೇ ನಂಬರೇ. ಇದರಲ್ಲಿ ಚರೆಯ ಸುತ್ತ ರಾಳದಂಥ ಅಂಟು ಹೊಯ್ದು ಗಟ್ಟಿ ಮಾಡಿರುತ್ತಾರೆ. ಈಡು ಹೊಡೆದಾಗ ಅದು ಪುಡಿಯಾಗಿ ಚರೆಗಳ ನಡುವೆ ಮೆತ್ತೆಯಾಗುತ್ತದೆ. ಸೀಸ ಮೆತ್ತಗಿನ ಲೋಹ, ನಳಿಗೆಯೊಳಗೆ ಒಂದಕ್ಕೊಂದು ಒತ್ತಿ ಚಪ್ಪಟೆಯಾದ ಕಾಳು ಗಾಳಿಯಲ್ಲಿ ಅಡ್ಡದಾರಿ ಹಿಡಿಯುತ್ತದೆ. ಗುಂಡಗೇ ಉಳಿದದ್ದು ನೆಟ್ಟಗೆ ಹೋಗುತ್ತದೆ. ನನ್ನ ಕೋವಿಯಲ್ಲಿ ಫಲ ಕಣ್ಣಿಗೆ ಕಾಣುವಷ್ಟಿತ್ತು. ಮೊದಲ ಎರಡು ಹುಂಜ ಬಿದ್ದದ್ದು ಇದರಲ್ಲೇ, ಒಂದು 28 ಗಜದಲ್ಲಿ, ಒಂದು 33ರಲ್ಲಿ. ಎರಡೂ ನಿಂತಲ್ಲೇ ಕುಸಿದವು. ನಾನು ಕೊಂಡಾಗ ಹತ್ತು ತೋಟಾದ ಡಬ್ಬಿಗೆ 25 ಡಾಲರ್ ಆಸುಪಾಸು. ನಿಮ್ಮಲ್ಲಿ 12 ಬೋರ್ ಕೋವಿ ಇದ್ದು, ಅದರ ಭಾರ ನಿಮಗೆ ಭಾರ ಅನ್ನಿಸದಿದ್ದರೆ, ಮುಂದಕ್ಕೆ ಓದುವ ಅಗತ್ಯವೇ ಇಲ್ಲ. ಇದನ್ನೇ ಕೊಳ್ಳಿ.

ನನಗೆ ಭಾರ ಅನ್ನಿಸಿತು. ಆ ಕೋವಿ ಮೂರೂವರೆ ಕೆಜಿ. ಗುಡ್ಡ ಹತ್ತಿ, ಮರಕ್ಕೆ ಒರಗಿ, ಮಂಡಿಯ ಮೇಲೆ ಕೋವಿ ಇಟ್ಟು, ಅಲ್ಲಾಡದೆ ಮುಕ್ಕಾಲು ಗಂಟೆ ಕೂರಬೇಕು. ಟರ್ಕಿಗೆ ಮೂಗು ಮೊಂಡು, ಕಣ್ಣು ಮಾತ್ರ ಭಯಂಕರ. ನಡುಗುವ ಕೈ ಅದಕ್ಕೆ ದೂರದಿಂದಲೇ ಕಾಣುತ್ತದೆ. 2021ಕ್ಕೆ 20 ಬೋರ್ ಕೋವಿ ತಂದೆ, ಎರಡೂ ಮುಕ್ಕಾಲು ಕೆಜಿ. ಜೊತೆಗೆ ಫೆಡರಲ್‌ನ ಹೆವಿವೇಟ್ ಟಿಎಸ್‌ಎಸ್, ಮೂರು ಇಂಚು, ಒಂದೂವರೆ ಔನ್ಸ್, 9ನೇ ನಂಬರ್.

ಟಿಎಸ್‌ಎಸ್ ಅಂದರೆ ಟಂಗ್‌ಸ್ಟನ್ ಸೂಪರ್ ಶಾಟ್. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11 ಗ್ರಾಂ ಚಿಲ್ಲರೆ, ಇದರದು ಸುಮಾರು 18, ಉಕ್ಕಿನದು 8ರ ಒಳಗೆ. ಸಾಸಿವೆ ಕಾಳು ಟರ್ಕಿ ಕೊಲ್ಲುತ್ತದೆಂದರೆ ನಾನೂ ನಂಬಿರಲಿಲ್ಲ. ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿದೆ. 9ನೇ ನಂಬರಿನ ಟಂಗ್‌ಸ್ಟನ್ ಕಾಳು 5ನೇ ನಂಬರಿನ ಸೀಸದ ಕಾಳಿನ ಅರ್ಧದಷ್ಟು ತೂಗುತ್ತದೆ. ಆದರೆ ಅದರ ಮುಖದ ಅಗಲ ಅರ್ಧಕ್ಕಿಂತಲೂ ಕಡಿಮೆ. ಅಂದರೆ ಒಂದೊಂದು ಚದರ ಇಂಚಿನ ಹಿಂದೆ ಇರುವ ತೂಕ ಸೀಸದ್ದಕ್ಕಿಂತ ಚೂರು ಜಾಸ್ತಿಯೇ. ಗಾಳಿಯನ್ನೂ ಮೂಳೆಯನ್ನೂ ಸೀಳುವುದು ಆ ತೂಕ. ಎಣಿಕೆಯಲ್ಲಂತೂ ಹೋಲಿಕೆಯೇ ಬೇಡ. ಔನ್ಸಿಗೆ ಸುಮಾರು 360ರಂತೆ ಒಂದೂವರೆ ಔನ್ಸಿಗೆ 540 ಕಾಳು. ನನ್ನ ಭುಜ ಕಪ್ಪು ಮಾಡಿದ ಆ ಮೂರೂವರೆ ಇಂಚಿನ ತೋಟಾದಲ್ಲಿ ಇದ್ದದ್ದು 340.

ಬೆಲೆ? ನಾನು ಕೊಂಡಾಗ ಐದೇ ತೋಟಾದ ಡಬ್ಬಿಗೆ 60 ಡಾಲರಿನ ಹತ್ತಿರ. ಒಂದಕ್ಕೆ 12 ಡಾಲರ್. ಭಾನುವಾರದ ಫೋನಿನಲ್ಲಿ ಬಾಯಿತಪ್ಪಿ ಅಪ್ಪಯ್ಯನಿಗೆ ಹೇಳಿಬಿಟ್ಟೆ.

"ಒಂದು ತೋಟಾಕ್ಕೆ ಸಾವಿರ ರೂಪಾಯಿಯಾ? ಎಂಥದು ಮಾರಾಯ ಅದು, ಬೆಳ್ಳಿಯ ಚರೆಯಾ?"

"ಟಂಗ್‌ಸ್ಟನ್, ಅಪ್ಪಯ್ಯ. ಬಲ್ಬಿನ ತಂತಿಯದು."

"ಬಲ್ಬು ಹಾಕಿಯೇ ಹೊಡಿ ಹಾಗಾದ್ರೆ. ಆ ದುಡ್ಡಿಗೆ ಇಲ್ಲಿ ಎರಡು ನಾಟಿ ಹುಂಜ ಬರ್ತಿತ್ತು."

ನಮ್ಮ ಕಡೆ ತೋಟಾ ಅಂದರೆ ಎಲ್‌ಜಿ, ಎಸ್‌ಜಿ, ಬಿಬಿ, ನಾಲ್ಕನೇ ನಂಬರು, ಎಲ್ಲ ದಪ್ಪ ಚರೆಯವೇ. ಅಪ್ಪಯ್ಯನ ಮಟ್ಟಿಗೆ ಒಂಬತ್ತನೇ ನಂಬರು ಗುಬ್ಬಿಗೆ ಹೊಡೆಯುವುದು. ಚರೆಯ ಲೆಕ್ಕವೆಲ್ಲ ವಿವರಿಸಿದೆ. ಕೇಳಿಸಿಕೊಂಡು, "ಆಯ್ತು, ಹಕ್ಕಿ ಬಿತ್ತಾ?" ಅಂದರು.

ಆಗಿನ್ನೂ ಬಿದ್ದಿರಲಿಲ್ಲ. ಬಿದ್ದಿರಲಿಲ್ಲ ಏಕೆ ಅನ್ನುವುದೇ ಈ ವಿಮರ್ಶೆಯ ಮುಖ್ಯ ಭಾಗ. ಡಬ್ಬಿ ಬಿಚ್ಚಿದ ವಾರದಲ್ಲೇ ಒಂದು ಬೆಳಿಗ್ಗೆ ಹುಂಜವೊಂದು ಹೊಲದ ಆಚೆ ಬದಿಯಲ್ಲಿ ಗರಿ ಕೆದರಿ, ಬಾಲ ಬೀಸಣಿಗೆ ಮಾಡಿ ಸುತ್ತುತ್ತಿತ್ತು. ಸ್ಲೇಟ್ ಕಾಲ್ ಉಜ್ಜಿದೆ. ಸ್ಲೇಟಿನ ಮೇಲೆ ಬಳಪ ಕೀರಿದ ಹಾಗೆ ಹೇಂಟೆಯ ದನಿ ಬರುತ್ತದೆ. ಹುಂಜ ಉತ್ತರ ಕೊಟ್ಟಿತು, ಹತ್ತಿರ ಬರಲಿಲ್ಲ. ಅಳೆದು ನೋಡಿದರೆ 55 ಗಜ. ಸೀಸದ ತೋಟಾ ಇದ್ದಿದ್ದರೆ ಕೈ ಕಟ್ಟಿ ಕೂರುತ್ತಿದ್ದೆ. ಕೈಯಲ್ಲಿ ಸಾವಿರ ರೂಪಾಯಿಯ ತೋಟಾ ಇತ್ತಲ್ಲ, ಎಳೆದುಬಿಟ್ಟೆ. ಗರಿ ಹಾರಿತು, ಹಕ್ಕಿ ಮಗುಚಿ ಬಿತ್ತು, ಎದ್ದು ಓಡಿತು. ಎರಡು ಗಂಟೆ ಹುಡುಕಿದೆ. ತೊರೆಯ ಹತ್ತಿರ ಮೂರು ಗರಿ ಸಿಕ್ಕಿದವು. ಆಮೇಲೆ ಆ ರೈತರು ತಮ್ಮ ನಾಯಿಯನ್ನೂ ಕರೆತಂದರು. ಏನೂ ಸಿಗಲಿಲ್ಲ. ಅವರು ಒಂದು ಮಾತೂ ಅನ್ನಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಮರುದಿನ ಅದೇ 55 ಗಜಕ್ಕೆ ರಟ್ಟು ಇಟ್ಟು ಹೊಡೆದೆ. ಕಾಗದದ ಮೇಲೆ ಚರೆ ಸಾಕಷ್ಟಿತ್ತು ಅನ್ನಿ. ಆದರೆ ಈಡು ಒಟ್ಟಾರೆ ಒಂದು ಗೇಣು ಎಡಕ್ಕೆ, ಅರ್ಧ ಗೇಣು ಕೆಳಕ್ಕೆ ಬಿದ್ದಿತ್ತು. ಮೂವತ್ತು ಗಜದಲ್ಲಿ ಲೆಕ್ಕಕ್ಕೇ ಬಾರದ ಓರೆ ಅಷ್ಟು ದೂರದಲ್ಲಿ ಹಕ್ಕಿಯ ಎದೆ ರೆಕ್ಕೆಗೆ ಹೋಗಿ ಕೂರುತ್ತದೆ. ತೋಟಾ ತನ್ನ ಕೆಲಸ ಮಾಡಿತ್ತು. ಕೋವಿ ಎಲ್ಲಿ ಉಗುಳುತ್ತದೆಂದು ನೋಡದೆ ಹೋದವನು ನಾನು. ಅಂದಿನಿಂದ 40 ಗಜ ದಾಟಿ ಹೊಡೆದಿಲ್ಲ.

ಮುಂದಿನ ವರ್ಷ ಇದರ ಉಲ್ಟಾ. ಹುಂಜ ಬೆನ್ನ ಹಿಂದಿನಿಂದ ಬಂದು ನನ್ನ ಎಡಕ್ಕೆ ಹನ್ನೆರಡೇ ಗಜದಲ್ಲಿ ಕತ್ತು ಚಾಚಿ ನಿಂತಿತು. ತಲೆ ಬಿಳಿ, ಕೆನ್ನೆ ನೀಲಿ, ಕತ್ತಿನ ಜೋಲು ಕೆಂಪು. (ಇದೇ ಕಾರಣಕ್ಕೆ ಟರ್ಕಿ ಬೇಟೆಗೆ ಕೆಂಪು, ಬಿಳಿ, ನೀಲಿ ಬಟ್ಟೆ ಹಾಕಬಾರದು. ಇನ್ನೊಬ್ಬ ಬೇಟೆಗಾರ ನಿಮ್ಮನ್ನೇ ಹುಂಜ ಅಂದುಕೊಂಡಾನು.) ಹೊಡೆದೆ. ಹುಂಜ ಒಮ್ಮೆ ನನ್ನನ್ನು ನೋಡಿ, ರೆಕ್ಕೆ ಬಡಿದು ಹೋಯಿತು. ಹಿಂದಿದ್ದ ಸಸಿಯ ತೊಗಟೆಯಲ್ಲಿ ನಿಂಬೆಹಣ್ಣಿನ ಗಾತ್ರದ ಹಳ್ಳ. ಬಿಗಿ ಚೋಕಿಗೆ ಟಿಎಸ್‌ಎಸ್ ಸೇರಿದರೆ ಹತ್ತಿರದಲ್ಲಿ ಚರೆ ಹರಡುವುದೇ ಇಲ್ಲ, ಒಂಟಿ ಗುಂಡಿನ ಹಾಗೇ ಹೋಗುತ್ತದೆ. ದೂರಕ್ಕೆಂದು ಕೊಂಡ ಬಿಗಿ ಚೋಕು ಹತ್ತಿರದ ಹಕ್ಕಿಯನ್ನು ಉಳಿಸಿತು. ಅದನ್ನು ತೆಗೆದು ಕೋವಿಯ ಜೊತೆ ಬಂದಿದ್ದ ಸಾಮಾನ್ಯ ಫುಲ್ ಚೋಕನ್ನೇ ಹಾಕಿದೆ, ನಳಿಗೆಯ ಮೇಲೆ ಒಂದು ರೆಡ್ ಡಾಟ್ (ಕೆಂಪು ಚುಕ್ಕೆ ತೋರಿಸಿ ಗುರಿ ಹಿಡಿಸುವ ಸಾಧನ) ಕೂರಿಸಿದೆ. ಆಮೇಲಿನ ಮೂರು ಹುಂಜ 19, 26, 31 ಗಜದಲ್ಲಿ. ಮೂರಕ್ಕೂ ಒಂದೊಂದೇ ಈಡು. ಈ ದೂರ ನೋಡಿದರೆ ಸೀಸದಲ್ಲೂ ಮೂರೂ ಬೀಳುತ್ತಿದ್ದವು ಅನ್ನುವುದನ್ನು ಬಚ್ಚಿಡುವುದಿಲ್ಲ. ಆದರೆ 20 ಬೋರಿನ ಹಗುರ ಕೋವಿಯಲ್ಲಿ, ಭುಜ ನೋಯದೆ, ಕೈ ನಡುಗದೆ ಬೀಳಿಸಿದೆನಲ್ಲ, ನಾನು ದುಡ್ಡು ಕೊಟ್ಟದ್ದು ಅದಕ್ಕೆ.

ರಟ್ಟಿಗೆ ಹೊಡೆದು ನೋಡುವ ವಿಧಾನ ಸುಲಭ, ಬೇಸರದ್ದು, ತಪ್ಪಿಸುವಂತಿಲ್ಲ. ಇಲ್ಲಿನವರ ರೂಢಿ 40 ಗಜದಲ್ಲಿ 10 ಇಂಚಿನ ವೃತ್ತಕ್ಕೆ 100 ಚರೆ ಬೀಳಬೇಕೆಂದು. ನಮ್ಮ ಮನೆಯ ಸ್ಟೀಲಿನ ತಿಂಡಿ ತಟ್ಟೆ ಸರಿಯಾಗಿ 10 ಇಂಚು. ಟಿವಿ ಬಂದ ಪೆಟ್ಟಿಗೆಯ ರಟ್ಟಿಗೆ ಹೊಡೆದು, ಹೆಚ್ಚು ತೂತಿರುವ ಕಡೆ ತಟ್ಟೆ ಬೋರಲಿಟ್ಟು ಪೆನ್ನಿನಲ್ಲಿ ಗೆರೆ ಎಳೆಯುತ್ತೇನೆ. ಮಗಳು ಒಂದೊಂದು ತೂತಿಗೂ ಸ್ಕೆಚ್ ಪೆನ್ ಚುಕ್ಕೆ ಇಡುತ್ತಾ ಎಣಿಸುತ್ತಾಳೆ. ಮೊದಲು ಗುರಿ ಹೊಂದಿಸುವುದು ಅಗ್ಗದ ತೋಟಾದಲ್ಲಿ, ಹತ್ತಿರದಿಂದ. ದುಬಾರಿಯದು ಕೊನೆಗೆ ಎರಡೇ ಈಡು, ಒಂದು 40 ಗಜಕ್ಕೆ, ಒಂದು 20ಕ್ಕೆ. ಬೋರ್, ಚೋಕ್, ತೋಟಾ ಮೂರರಲ್ಲಿ ಒಂದು ಬದಲಾದರೂ ಮತ್ತೆ ಮೊದಲಿನಿಂದ. ಪಕ್ಕದವರ ಕೋವಿಯ ಲೆಕ್ಕ ನಿಮ್ಮ ಕೋವಿಗೆ ಬರುವುದಿಲ್ಲ.

ಎರಡು ಬೋರ್ ಇಟ್ಟುಕೊಂಡವರಿಗೆ ಒಂದು ಅಪಾಯವಿದೆ. 20 ಬೋರಿನ ತೋಟಾ ಅಪ್ಪಿತಪ್ಪಿ 12 ಬೋರಿಗೆ ಹಾಕಿದರೆ ಜಾರಿಹೋಗಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಕಾಣುವುದೂ ಇಲ್ಲ. ಖಾಲಿ ಅಂದುಕೊಂಡು ಹಿಂದಿನಿಂದ 12ರದ್ದು ತುಂಬಿ ಹೊಡೆದರೆ ನಳಿಗೆ ಒಡೆದು ಕೈ ಹೋಗುತ್ತದೆ. 20 ಬೋರಿನ ತೋಟಾ ಹಳದಿ ಬಣ್ಣದ್ದಿರುವುದು ಇದಕ್ಕೇ. ಒಂದು ಮಾರ್ಚಿನಲ್ಲಿ ಹಳೆಯ ಕೋಟಿನ ಜೇಬಿಗೆ ಕೈ ಹಾಕಿದರೆ ನಾಲ್ಕು ಕೆಂಪು ತೋಟಾದ ನಡುವೆ ಒಂದು ಹಳದಿ ಕುಳಿತಿತ್ತು. ಅಂಗೈ ಬೆವರಿತು. ಆ ವಾರವೇ 12 ಬೋರ್ ಕೋವಿ ಮಾರಿದೆ.

ಕೊಳ್ಳುವ ಮುನ್ನ ನಿಮ್ಮ ರಾಜ್ಯದ ನಿಯಮ ಓದಿ. ವರ್ಜೀನಿಯಾದಲ್ಲಿ 2ನೇ ನಂಬರಿಗಿಂತ ದಪ್ಪ ಚರೆ ಕೂಡದು, ಪೆನ್ಸಿಲ್ವೇನಿಯಾದಲ್ಲಿ ಸೀಸವಾದರೆ 4ಕ್ಕಿಂತ ದಪ್ಪ ಕೂಡದು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸವೇ ನಿಷೇಧ, ಅಲ್ಲಿನವರಿಗೆ ನನ್ನ ಲಾಂಗ್ ಬಿಯರ್ಡ್ ಸಲಹೆ ಬರುವುದಿಲ್ಲ. ಹಳೆಯ ಕಾಲದ ಕೋವಿ ಇದ್ದವರು ಟಂಗ್‌ಸ್ಟನ್ ಹಾಕುವ ಮೊದಲು ಚೋಕ್ ಅದಕ್ಕೆ ಆಗುತ್ತದೋ ಕೇಳಿ. ಸೀಸ ಬಗ್ಗುತ್ತದೆ, ಇದು ಬಗ್ಗುವುದಿಲ್ಲ.

ಬಗ್ಗುವುದಿಲ್ಲ ಅನ್ನುವುದು ಅಡುಗೆಮನೆಯಲ್ಲೂ ನೆನಪಿರಲಿ. ಕತ್ತಿಗೆ ಹೊಡೆದರೂ ಒಂದೆರಡು ಕಾಳು ಎದೆಯ ಮೇಲ್ಭಾಗಕ್ಕೆ ಇಳಿದಿರುತ್ತವೆ. ಸೀಸದ ಚರೆ ಕಚ್ಚಿದರೆ ಹಲ್ಲಿಗೆ ಮೆತ್ತಗೆ ಸಿಗುತ್ತದೆ, ಟಂಗ್‌ಸ್ಟನ್ ಕಚ್ಚಿದರೆ ಹಲ್ಲೇ ಹೋಗುತ್ತದೆ. ಮಾಂಸವನ್ನು ಬೆಳಕಿಗೆ ಹಿಡಿದು, ಬೆರಳಲ್ಲಿ ಒತ್ತಿ ನೋಡುತ್ತೇನೆ. ಕಾಳು ಹೋದ ದಾರಿಯಲ್ಲಿ ಸಣ್ಣ ಗರಿ ಸಿಕ್ಕಿಕೊಂಡಿರುತ್ತದೆ, ಅದರ ತುದಿಯಲ್ಲಿ ಕಾಳು. ಒಗ್ಗರಣೆ ಡಬ್ಬಿಯ ಸಾಸಿವೆಯ ಪಕ್ಕ ಇಟ್ಟರೆ ಬಣ್ಣದಲ್ಲಷ್ಟೇ ವ್ಯತ್ಯಾಸ. ಎದೆ ಸುಕ್ಕಕ್ಕೆ ಸರಿ. ತೊಡೆ ಮಾತ್ರ ನರವೇ ನರ, ಕುಕ್ಕರಿನಲ್ಲಿ ಏಳೆಂಟು ಕೂಗು ಬಾರದೆ ಬೇಯುವುದಿಲ್ಲ.

2021ರಿಂದ ಮೂರು ಡಬ್ಬಿ ಕೊಂಡಿದ್ದೇನೆ, ಹದಿನೈದು ತೋಟಾ. ಹಕ್ಕಿಗೆ ಹೋದದ್ದು ಐದು, ರಟ್ಟಿಗೆ ಎಂಟು, ಎರಡು ಉಳಿದಿವೆ. ಬರುವ ಏಪ್ರಿಲ್‌ಗೆ ಅಷ್ಟು ಸಾಕು, ಹೊಸ ಡಬ್ಬಿ ಕೊಳ್ಳುವುದಿಲ್ಲ.